ಕಾಯಿ ಗುಡ್ಡೆ, ಹಣ್ಣಿನ ಗುಡ್ಡೆ

ಕಪಿಲೆ ಬಂದು ಕಾವೇರಿಯನ್ನು ಸೇರುವ ತಿರುಮಕೂಡಲಿನಿಂದ ಒಂದಿಷ್ಟು ದೂರದ ಊರು. ಬೆಳಗಿನ ಹತ್ತೂವರೆ. ಅಂಗನವಾಡಿಯ ಜಗಲಿ ತುಂಬ ಪುಟ್ಟ ಪುಟ್ಟ ಚಪ್ಪಲಿಗಳು. ಅರ್ಧಕ್ಕರ್ಧ ಅಂಗಾತ ಬಿದ್ದಿವೆ. ಒಳಗೆ ಕುಕ್ಕರ್ ಕೂಗುತ್ತಿದೆ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಇದೇ ತಿ. ನರಸೀಪುರ ತಾಲ್ಲೂಕಿನಲ್ಲಿ. ಆ ಕಾಲದ ಮಕ್ಕಳು ಈಗ ಅಜ್ಜಿ ತಾತಂದಿರಾಗಿ ಮೊಮ್ಮಕ್ಕಳ ಕೈ ಹಿಡಿದು ಇದೇ ಬಾಗಿಲಿಗೆ ಬರುತ್ತಾರೆ.

ಟೀಚರ್ ಚಾಪೆಯ ಮೇಲೆ ಬುಟ್ಟಿ ಸುರಿದರು. ಬದನೆಕಾಯಿ, ಹೀರೇಕಾಯಿ, ಸಿಪ್ಪೆ ಸುಲಿದ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಟೊಮೆಟೊ, ಹಳದಿ ನಿಂಬೆ, ಒಂದೇ ಗೊನೆಯಿಂದ ಕಿತ್ತ ಎರಡು ಬಾಳೆ. ಅವುಗಳಲ್ಲಿ ಒಂದು ಹಸಿರು, ಒಂದು ಹಳದಿ.

“ಒಂದಕ್ಕೊಂದು ಸೇರೋದನ್ನೆಲ್ಲ ಒಟ್ಟಿಗೆ ಇಡ್ರಪ್ಪ” ಅಂದರು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಮೂರು ವರ್ಷದ ಹುಡುಗನೊಬ್ಬ ಬಣ್ಣ ನೋಡಿ ಜೋಡಿಸಿದ. ಹೀರೇಕಾಯಿಯ ಪಕ್ಕ ಮೆಣಸಿನಕಾಯಿ, ಅದರ ಪಕ್ಕ ಹಸಿರು ಬಾಳೆ. ನಾಲ್ಕು ತುಂಬಿ ಐದಕ್ಕೆ ಬಿದ್ದ ಹಳದಿ ಲಂಗದ ಹುಡುಗಿಗೆ ತಡೆಯಲಾಗಲಿಲ್ಲ. “ಹಂಗಲ್ಲ ಕಣೋ!” ಎಂದು ಎಲ್ಲವನ್ನೂ ಎಳೆದುಕೊಂಡಳು. ಒಂದೊಂದನ್ನೂ ಎತ್ತಿ ಹಿಡಿದು ಹೆಸರು ಹೇಳಿದಳು. ಹೆಸರಿನ ಕೊನೆ ಎಳೆದು ಹೇಳಿದಳು. “ಬದನೇ... ಕಾಯಿ. ತೆಂಗಿನ... ಕಾಯಿ. ಮೆಣಸಿನ... ಕಾಯಿ.” ಎಡಕ್ಕೊಂದು ಗುಡ್ಡೆ ಆಯಿತು. “ನಿಂಬೆ... ಹಣ್ಣು. ಟೊಮೆಟೊ... ಹಣ್ಣು.” ಬಲಕ್ಕೊಂದು.

ತೆಂಗಿನಕಾಯಿಗೂ ಮೆಣಸಿನಕಾಯಿಗೂ ಎಲ್ಲಿಯ ನಂಟು? ಗಾತ್ರ ಬೇರೆ, ರುಚಿ ಬೇರೆ, ಬೆಳೆಯುವ ಎತ್ತರವೇ ಬೇರೆ. ಕಣ್ಣಿಗೆ ಕಾಣದ ಆ ನಂಟನ್ನು ಹುಡುಗಿ ಕಿವಿಯಿಂದ ಹಿಡಿದಿದ್ದಳು. ಕೊನೆಗೆ ಉಳಿದದ್ದು ಎರಡು ಬಾಳೆ. ಒಂದೇ ಗೊನೆಯ ಆ ಜೋಡಿಯನ್ನು ಅವಳು ಹಿಂದೆ ಮುಂದೆ ನೋಡದೆ ಬೇರೆ ಮಾಡಿದಳು. ಹಳದಿಯದು ಬಲಕ್ಕೆ, ಹಸಿರಿನದು ಎಡಕ್ಕೆ. ಹಸಿರು ಬಾಳೆಯ ಬೆನ್ನು ತಟ್ಟಿ ಹೇಳಿದಳು: “ಇದಿನ್ನೂ ಕಾಯಿ. ನಾಳಿದ್ದು ಆಚೆಗೋಯ್ತದೆ.”

ಬಾಗಿಲ ಬಳಿ ಪೌಷ್ಟಿಕ ಆಹಾರದ ಪೊಟ್ಟಣಕ್ಕೆ ಬಂದ ತಾಯಿಯೊಬ್ಬಳು ನಾಲ್ಕು ತಿಂಗಳ ಕೂಸನ್ನು ಭುಜಕ್ಕೆ ಹಾಕಿಕೊಂಡು ನಿಂತಿದ್ದಳು. ಅಂಗಳದಲ್ಲಿ ಕೆಂಪು ಕೋಳಿ ಹೋಯಿತು. “ನೋಡು ಮಗಾ, ಕೋಳಿ!” ಅದರ ಹಿಂದೆ ಕರಿಯದು. “ಇನ್ನೊಂದು ಕೋಳಿ!” ಕೂಸು ಜೊಲ್ಲು ಸುರಿಸುತ್ತ ಅಮ್ಮನ ಬಾಯನ್ನೇ ನೋಡಿತು. ಅದಕ್ಕೇನು ತಿಳಿದೀತು ಅನ್ನಿಸುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಾಂಡ್ರಾ ವ್ಯಾಕ್ಸ್‌ಮನ್ ಮತ್ತು ಜೊತೆಗಾರರು ಇಷ್ಟೇ ಎಳೆಯ ಕೂಸುಗಳಿಗೆ ಬಗೆಬಗೆಯ ಡೈನೋಸಾರ್ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದರು. ಕೆಲವು ಕೂಸುಗಳಿಗೆ ಚಿತ್ರದ ಜೊತೆ ಮನುಷ್ಯರ ಮಾತು ಕೇಳಿಸಿದರು, ಕೆಲವಕ್ಕೆ ಬರೀ ಪೀಪಿಯಂಥ ನಾದ. ಆಮೇಲೆ ಹೊಸದೊಂದು ಡೈನೋಸಾರನ್ನೂ ಮೀನನ್ನೂ ಅಕ್ಕಪಕ್ಕ ಇಟ್ಟರು. ಮಾತು ಕೇಳಿದ ಕೂಸುಗಳ ನೋಟ ಇದು ಆ ಗುಂಪಿನದು, ಅದು ಬೇರೆಯದು ಎಂದು ಬಿಡಿಸಿ ತೋರಿಸಿತು. ನಾದ ಕೇಳಿದವುಗಳಲ್ಲಿ ಆ ಗುರುತು ಕಾಣಲಿಲ್ಲ. 2010ರಲ್ಲಿ ಪ್ರಕಟವಾದ ಈ ಅಧ್ಯಯನದ ಕೂಸುಗಳಿಗೆ ಮೂರು, ನಾಲ್ಕು ತಿಂಗಳು. ಒಂದು ಪದದ ಅರ್ಥವೂ ತಿಳಿಯುವ ಮುನ್ನವೇ, ಮಾತು ಕಿವಿಗೆ ಬಿದ್ದರೆ ಸಾಕು, ಮಗುವಿನ ಮನಸ್ಸು ಜೋಡಿಸಲು ಕೂರುತ್ತದೆ. ಆ ತಾಯಿ ಎರಡು ಕೋಳಿಗೆ ಒಂದೇ ಹೆಸರು ಹೇಳಿ ಕೂಸಿಗೆ ಆಗಲೇ ಪಾಠ ಶುರುಮಾಡಿದ್ದಳು.

ಗೋಡೆಯ ಮೇಲೆ ಹಕ್ಕಿಗಳ ಪಟ. ಅದನ್ನು ನೋಡುತ್ತ ಒಬ್ಬ ಹುಡುಗ ಕೇಳಿದ, “ಟೀಚರ್, ಬಾವಲಿ ಹಕ್ಕಿ ಎಲ್ಲಿ?”

“ಬಾವಲಿ ಹಕ್ಕಿ ಅಲ್ಲಪ್ಪ. ಅದು ಮರಿಗೆ ಹಾಲು ಕೊಡ್ತದೆ.”

ಹುಡುಗ ತುಸು ಹೊತ್ತು ಸುಮ್ಮನಿದ್ದ. “ಗೂಬೆ?”

“ಗೂಬೆ ಹಕ್ಕೀನೇ.”

“ಹಂಗಾರೆ ಗೂಬೆ ಹಾಲು ಕೊಡಲ್ಲ. ಮೊಟ್ಟೆ ಇಕ್ತದೆ.”

ಅವನಿಗೆ ಗೂಬೆಯ ಮೊಟ್ಟೆಯನ್ನು ಯಾರೂ ತೋರಿಸಿರಲಿಲ್ಲ. ‘ಹಕ್ಕಿ’ ಎಂಬ ಒಂದು ಮಾತನ್ನು ನಂಬಿ ಅಷ್ಟು ದೂರ ನಡೆದಿದ್ದ. 1986ರಲ್ಲಿ ಮನೋವಿಜ್ಞಾನಿಗಳಾದ ಸೂಸನ್ ಗೆಲ್ಮನ್ ಮತ್ತು ಎಲೆನ್ ಮಾರ್ಕ್‌ಮನ್ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡದ್ದು ಇದನ್ನೇ. ಒಂದು ರಾಜಹಂಸ, ಒಂದು ಬಾವಲಿ, ಬಾವಲಿಯನ್ನೇ ಹೋಲುವ ಒಂದು ಕರಿಹಕ್ಕಿ, ಹೀಗೆ ಮೂರು ಚಿತ್ರ. ರಾಜಹಂಸ ಮರಿಗೆ ನುರಿಸಿದ ಆಹಾರ ಕೊಡುತ್ತದೆ, ಬಾವಲಿ ಹಾಲು ಕೊಡುತ್ತದೆ ಎಂದು ಮಕ್ಕಳಿಗೆ ಹೇಳಿದರು. ಹಾಗಾದರೆ ಕರಿಹಕ್ಕಿ? ಕಣ್ಣು ಬಾವಲಿಯ ಕಡೆಗೆ ಎಳೆಯುತ್ತಿದ್ದರೂ ಮಕ್ಕಳ ಉತ್ತರ ಹೆಚ್ಚಾಗಿ ಹೆಸರಿನ ಕಡೆಗೇ ಹೋಯಿತು. ಹಕ್ಕಿ ಎಂದಮೇಲೆ ಹಕ್ಕಿಯಂತೆಯೇ. ಒಂದೇ ಹೆಸರಿದ್ದರೆ ಒಳಗೂ ಒಂದೇ ಎಂದು ಮಗು ನಂಬುತ್ತದೆ. ನಾವು ಕೊಟ್ಟ ಹೆಸರಿಗೆ ಅದು ಕೊಡುವ ಮರ್ಯಾದೆ ಅಷ್ಟು ದೊಡ್ಡದು.

ನಮ್ಮ ಕನ್ನಡವಂತೂ ಎಣಿಸುವಾಗಲೂ ಜಾತಿ ಕೇಳುತ್ತದೆ. ಕರು ಎರಡು, ಮಕ್ಕಳು ಇಬ್ಬರು. ಮೂಲೆಯಲ್ಲಿ ಆಡುತ್ತಿದ್ದ ಪುಟ್ಟಿಯೊಬ್ಬಳು ಸಾಮಾನು ಎಣಿಸುತ್ತಿದ್ದಳು: “ಎರಡು ಚೆಂಡು, ಎರಡು ಲೋಟ, ಇಬ್ರು ಬೊಂಬೆ.” ವ್ಯಾಕರಣಕ್ಕೆ ಅದು ತಪ್ಪಿರಬಹುದು. ಆದರೆ ಯಾರು ತನ್ನವರು ಎಂಬ ಅವಳ ಲೆಕ್ಕ ಎಷ್ಟು ನಿಚ್ಚಳ!

ಊಟದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಮೊಮ್ಮಗಳು ಬೆಳಗಿನಿಂದ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಅಜ್ಜಿ ಮುದ್ದಿನಿಂದಲೇ ಎತ್ತಿಕೊಂಡರು. “ಇದೊಂದು ಅಳುಬುರುಕಿ ಕಣವ್ವ!”

ಅಳುಬುರುಕಿ. ಪುಕ್ಕಲ. ಬಾಯಿಬಡುಕ. ತಿಂಡಿಪೋತ. ಒಂದು ಹೊತ್ತಿನ ನಡತೆಯನ್ನು ಇಡೀ ಮನುಷ್ಯನ ಹೆಸರಾಗಿಸುವ ಬಾಲಗಳು ನಮ್ಮ ಭಾಷೆಯಲ್ಲಿ ಎಷ್ಟೊಂದು! 1999ರಲ್ಲಿ ಗೆಲ್ಮನ್ ಮತ್ತು ಗೇಲ್ ಹೇಮನ್ ಐದು ಮತ್ತು ಏಳು ವರ್ಷದ ಮಕ್ಕಳಿಗೆ ರೋಸ್ ಎಂಬ ಕಥೆಯ ಹುಡುಗಿಯ ವಿಷಯ ಹೇಳಿದರು. ಒಂದು ಬಗೆಯಲ್ಲಿ, ಅವಳು ಸಿಕ್ಕಾಗಲೆಲ್ಲ ಕ್ಯಾರೆಟ್ ತಿನ್ನುತ್ತಾಳೆ ಎಂದು. ಇನ್ನೊಂದು ಬಗೆಯಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಅವಳೊಬ್ಬ ಕ್ಯಾರೆಟ್‌ಪೋತಿ ಎಂದು. ಸುದ್ದಿ ಒಂದೇ. ಆದರೆ ಹೆಸರಿಟ್ಟು ಹೇಳಿದಾಗ, ಅವಳು ದೊಡ್ಡವಳಾದರೂ ಹಾಗೆಯೇ ಇರುತ್ತಾಳೆ, ಮನೆಯವರು ತಡೆದರೂ ಬಿಡುವುದಿಲ್ಲ ಎಂದು ಮಕ್ಕಳು ಹೆಚ್ಚಾಗಿ ನಂಬಿದರು. ಗೂಬೆಯ ಮೊಟ್ಟೆಯನ್ನು ಕಾಣದೆಯೇ ನಂಬಿದ ಮಗು ತನ್ನ ಹೆಸರನ್ನೂ ಹಾಗೆಯೇ ನಂಬಿಬಿಡುತ್ತದೆ. ಈ ನಂಬಿಕೆಯನ್ನು ನೆನೆದರೆ ನನಗೆ ಭಯವಾಗುತ್ತದೆ, ಮಾತಿನ ಮೇಲೆ ಗೌರವವೂ ಹುಟ್ಟುತ್ತದೆ.

ಟೀಚರ್ ಅಜ್ಜಿಯ ಕೈಗೆ ಮಗುವಿನ ಚಪ್ಪಲಿ ಕೊಡುತ್ತ ಮೆಲ್ಲಗೆ ಹೇಳಿದರು: “ಅಳುಬುರುಕಿ ಅಲ್ಲ ಕಣಜ್ಜಿ. ಇವತ್ತು ಅತ್ತಳು, ಅಷ್ಟೇಯ.”

ಮಗು ಅಜ್ಜಿಯ ಹೆಗಲಿನಿಂದ ಮುಖ ಎತ್ತಿ ಟೀಚರನ್ನು ನೋಡಿತು. ಚಾಪೆಯ ಮೇಲೆ ಗುಡ್ಡೆಗಳೆರಡೂ ಹಾಗೇ ಇದ್ದವು. ಎಡದ ಗುಡ್ಡೆಯ ತುದಿಯಲ್ಲಿ ಹಸಿರು ಬಾಳೆ, ನಾಳಿದ್ದಿನವರೆಗೆ ಮಾತ್ರ ಕಾಯಿ.