ಸುನಾಮಿಯ ದಾರಿಯಲ್ಲಿ ತಂಗುದಾಣಗಳು: ಉತ್ತರ ಜಪಾನಿನ ‘ಮಿಚಿ ನೊ ಎಕಿ’ ಮತ್ತು ಸ್ಮಾರಕ ಉದ್ಯಾನಗಳು

ಜಪಾನಿನ ಈಶಾನ್ಯ ಕರಾವಳಿಯಲ್ಲಿ ಕಾರಿನಲ್ಲಿ ಹೊರಟವರಿಗೆ ಎರಡು ಬಗೆಯ ಫಲಕಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಂದು, ಮುಂದೆ ವಿಶ್ರಾಂತಿಯ ತಾಣವಿದೆ ಎಂದು ತಿಳಿಸುವ ‘ಮಿಚಿ ನೊ ಎಕಿ’ ಫಲಕ. ಇನ್ನೊಂದು, ಹಿಂದಿನ ಸುನಾಮಿಯ ನೀರು ಇಲ್ಲಿಂದ ಇಲ್ಲಿಯವರೆಗೆ ನುಗ್ಗಿತ್ತು ಎಂದು ತಿಳಿಸುವ ಫಲಕ. ಈ ಸೀಮೆಯ ಪ್ರವಾಸವೆಂದರೆ ಬಹುಮಟ್ಟಿಗೆ ಈ ಎರಡು ಫಲಕಗಳ ನಡುವಿನ ಪಯಣವೇ.

2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ ಮತ್ತು ಅದರ ಬೆನ್ನಿಗೆ ಬಂದ ಸುನಾಮಿ ಟೊಹೊಕು ಪ್ರಾಂತ್ಯದ ಕರಾವಳಿಯನ್ನು ಅಪ್ಪಳಿಸಿದವು. ಸತ್ತವರು ಹಾಗೂ ಇಂದಿಗೂ ಪತ್ತೆಯಾಗದವರ ಸಂಖ್ಯೆ 18 ಸಾವಿರವನ್ನು ಮೀರುತ್ತದೆ. ಊರುಗಳು ಕೊಚ್ಚಿಹೋದ ಜಾಗದಲ್ಲಿ ಇಂದು ಉದ್ಯಾನಗಳಿವೆ. ಅವುಗಳ ಬಾಗಿಲಲ್ಲಿ ರಸ್ತೆ ಬದಿಯ ತಂಗುದಾಣಗಳಿವೆ. ಪ್ರಯಾಣಿಕರ ದಣಿವಾರಿಸಲೆಂದು ಹುಟ್ಟಿದ ವ್ಯವಸ್ಥೆಯೊಂದು ಊರಿನ ನೆನಪನ್ನು ಕಾಯುವ ಹೊಣೆ ಹೊತ್ತದ್ದು ಹೇಗೆ ಎಂಬುದನ್ನು ತಿಳಿದರೆ ಈ ದಾರಿಯ ಅರ್ಥವಾಗುತ್ತದೆ.

ಏನಿದು ಮಿಚಿ ನೊ ಎಕಿ?

ಜಪಾನಿ ಭಾಷೆಯಲ್ಲಿ ‘ಮಿಚಿ’ ಎಂದರೆ ರಸ್ತೆ, ‘ಎಕಿ’ ಎಂದರೆ ನಿಲ್ದಾಣ. ರೈಲಿಗೆ ನಿಲ್ದಾಣವಿರುವಂತೆ ರಸ್ತೆಗೂ ಏಕೆ ಇರಬಾರದು ಎಂಬ ಆಲೋಚನೆ 1990ರ ಸುಮಾರಿಗೆ ಮೊಳೆಯಿತು. ಕೆಲವು ಕಡೆ ಪ್ರಯೋಗ ನಡೆದ ಬಳಿಕ 1993ರ ಏಪ್ರಿಲ್‌ನಲ್ಲಿ ಮೊದಲ 103 ನಿಲ್ದಾಣಗಳು ಅಧಿಕೃತವಾಗಿ ನೋಂದಣಿಯಾದವು. ಇಂದು ದೇಶದಾದ್ಯಂತ ಅವುಗಳ ಸಂಖ್ಯೆ 1,200ನ್ನು ಮೀರಿದೆ. ಉತ್ತರದ ತುದಿಯ ಹೊಕ್ಕೈಡೊ ದ್ವೀಪವೊಂದರಲ್ಲೇ 120ಕ್ಕೂ ಹೆಚ್ಚು ಇವೆ.

ನೋಂದಣಿಗೆ ನಿಯಮಗಳು ಸರಳ. ದಿನದ 24 ಗಂಟೆಯೂ ಉಚಿತ ವಾಹನ ನಿಲುಗಡೆ, ಸ್ವಚ್ಛ ಶೌಚಾಲಯ ಮತ್ತು ದೂರವಾಣಿ ಇರಬೇಕು. ರಸ್ತೆ ಹಾಗೂ ಊರಿನ ಮಾಹಿತಿ ದೊರೆಯಬೇಕು. ಊರಿನ ಅಭಿವೃದ್ಧಿಗೆ ನೆರವಾಗುವ ಒಂದು ಸೌಲಭ್ಯವಿರಬೇಕು. ಈ ಕೊನೆಯ ನಿಯಮವೇ ಇದನ್ನು ಸಾಮಾನ್ಯ ಹೆದ್ದಾರಿ ಹೋಟೆಲುಗಳಿಂದ ಬೇರ್ಪಡಿಸುತ್ತದೆ. ಮಿಚಿ ನೊ ಎಕಿಯ ಹಿಂದೆ ನಿಲ್ಲುವುದು ಸಾಮಾನ್ಯವಾಗಿ ಆ ಊರಿನ ಸ್ಥಳೀಯ ಆಡಳಿತ.

ಬಹುತೇಕ ನಿಲ್ದಾಣಗಳ ಜೀವಾಳವೆಂದರೆ ರೈತರ ನೇರ ಮಾರಾಟ ಮಳಿಗೆ. ಸುತ್ತಲಿನ ರೈತರು ಮುಂಜಾನೆ ತರಕಾರಿ, ಹಣ್ಣು, ಉಪ್ಪಿನಕಾಯಿಗಳನ್ನು ತಂದು, ತಮ್ಮ ಹೆಸರಿನ ಚೀಟಿ ಅಂಟಿಸಿ, ಬೆಲೆಯನ್ನೂ ತಾವೇ ನಿಗದಿ ಮಾಡುತ್ತಾರೆ. ಮಾರಾಟದ ಒಂದು ಪಾಲು ನಿಲ್ದಾಣಕ್ಕೆ ಸಲ್ಲುತ್ತದೆ. ದೊಡ್ಡ ಮಾರುಕಟ್ಟೆಗೆ ಕಳುಹಿಸುವಷ್ಟು ಬೆಳೆಯದ ವೃದ್ಧ ರೈತರಿಗೆ ಇದು ಆಸರೆ. ಯುವಜನರು ನಗರಗಳತ್ತ ಹೋಗಿ ಬರಿದಾಗುತ್ತಿರುವ ಹಳ್ಳಿಗಳಲ್ಲಿ ಊರಿನವರೇ ಬಂದು ಮಾತಿಗೆ ಕೂರುವ ಜಾಗವೂ ಇದೇ.

ಆಪತ್ತಿನಲ್ಲಿ ಆಸರೆ

ನಿಲ್ದಾಣಗಳಿಗೆ ಇನ್ನೊಂದು ಉಪಯೋಗವಿದೆ ಎಂಬುದು ವಿಪತ್ತುಗಳು ಕಲಿಸಿದ ಪಾಠ. 2004ರ ಅಕ್ಟೋಬರ್‌ನಲ್ಲಿ ನೀಗಾಟ ಪ್ರಾಂತ್ಯದಲ್ಲಿ ಸಂಭವಿಸಿದ ಭೂಕಂಪದ ವೇಳೆ ಜನ ಆಶ್ರಯಕ್ಕಾಗಿ ಇವುಗಳತ್ತ ಬಂದರು. ವಿಶಾಲವಾದ ಬಯಲು, ಶೌಚಾಲಯ, ಆಹಾರದ ದಾಸ್ತಾನು, ಎಲ್ಲರಿಗೂ ಗೊತ್ತಿರುವ ಜಾಗ, ಇವೆಲ್ಲವೂ ಒಂದೆಡೆ ಇದ್ದವು. 2011ರಲ್ಲಿ ಅಲೆಗೆ ಸಿಕ್ಕದೆ ಉಳಿದ ಹಲವು ನಿಲ್ದಾಣಗಳು ಸಂತ್ರಸ್ತರಿಗೆ ಊಟ ನೀಡಿದವು, ರಕ್ಷಣಾ ಪಡೆಗಳಿಗೆ ನೆಲೆಯಾದವು. ಈ ಅನುಭವದ ಆಧಾರದ ಮೇಲೆ 2021ರಲ್ಲಿ ಕೇಂದ್ರ ಸಚಿವಾಲಯವು 39 ನಿಲ್ದಾಣಗಳನ್ನು ವಿಪತ್ತು ನಿರ್ವಹಣೆಯ ವಿಶೇಷ ಕೇಂದ್ರಗಳಾಗಿ ಆಯ್ಕೆ ಮಾಡಿತು.

ಈಗ ಕರಾವಳಿಯ ದಾರಿ ಹಿಡಿಯೋಣ, ದಕ್ಷಿಣದಿಂದ ಉತ್ತರಕ್ಕೆ.

ನಾಮಿಯೆ: ಮರಳಿ ಬಂದ ಊರು

ಫುಕುಶಿಮಾ ಪ್ರಾಂತ್ಯದ ನಾಮಿಯೆ ಪಟ್ಟಣಕ್ಕೆ ಸುನಾಮಿಯ ಜೊತೆ ಅಣು ವಿಕಿರಣದ ಹೊಡೆತವೂ ಬಿತ್ತು. ಸಮೀಪದ ಅಣು ವಿದ್ಯುತ್ ಸ್ಥಾವರದ ದುರಂತದಿಂದಾಗಿ 21 ಸಾವಿರಕ್ಕೂ ಹೆಚ್ಚು ಜನಸಂಖ್ಯೆಯ ಇಡೀ ಪಟ್ಟಣ ಖಾಲಿಯಾಯಿತು. 2017ರ ಮಾರ್ಚ್ ಕೊನೆಯಲ್ಲಿ ಒಂದು ಭಾಗದಲ್ಲಿ ವಾಸಕ್ಕೆ ಅನುಮತಿ ದೊರೆತರೂ ಮರಳಿದವರು ಕೆಲವರು ಮಾತ್ರ.

ಹೀಗಿರುವಾಗ 2020ರ ಆಗಸ್ಟ್‌ನಲ್ಲಿ ಇಲ್ಲೊಂದು ಮಿಚಿ ನೊ ಎಕಿ ತೆರೆಯಿತು. 2021ರ ಮಾರ್ಚ್‌ನಲ್ಲಿ ಪೂರ್ಣಗೊಂಡಿತು. ಪಟ್ಟಣದ ಉಕೆಡೊ ಬಂದರಿನಲ್ಲಿ ಸಮುದ್ರದ ಅಂಚಿಗೇ ಇದ್ದ ಹಳೆಯ ಸಾಕೆ ತಯಾರಿಕಾ ಮನೆ ಅಲೆಗೆ ಕೊಚ್ಚಿಹೋಗಿತ್ತು. ಸಾಕೆ ಎಂದರೆ ಅಕ್ಕಿಯಿಂದ ತಯಾರಿಸುವ ಮದ್ಯ. ಆ ಮನೆತನದವರು ನೆರೆಯ ಯಮಾಗಾಟ ಪ್ರಾಂತ್ಯಕ್ಕೆ ಹೋಗಿ ತಯಾರಿಕೆ ಮುಂದುವರಿಸಿದ್ದರು. ಹತ್ತು ವರ್ಷಗಳ ನಂತರ ಅವರು ಸ್ವಂತ ಊರಿನಲ್ಲಿ ಮತ್ತೆ ಸಾಕೆ ತಯಾರಿಸಲು ಆರಂಭಿಸಿದ್ದು ಈ ನಿಲ್ದಾಣದ ಆವರಣದಲ್ಲೇ. ಓಡುವ ಕುದುರೆಯ ಚಿತ್ರಕ್ಕೆ ಹೆಸರಾದ ‘ಒಬೊರಿ ಸೋಮ’ ಮಣ್ಣಿನ ಪಾತ್ರೆಗಳ ಕುಶಲಕರ್ಮಿಗಳಿಗೂ ಇಲ್ಲಿ ಜಾಗ ದೊರೆತಿದೆ. ಉಕೆಡೊದಲ್ಲಿ ಹಿಡಿದ ಮೀನಿನ ಊಟ ಇಲ್ಲಿನ ಆಕರ್ಷಣೆ.

ಸಮುದ್ರದ ಬದಿಗೆ ಹೋದರೆ ಉಕೆಡೊ ಪ್ರಾಥಮಿಕ ಶಾಲೆಯ ಕಟ್ಟಡವಿದೆ. ದಡದಿಂದ ಕೇವಲ 300 ಮೀಟರ್ ದೂರದಲ್ಲಿದ್ದರೂ ಅಂದು ಶಾಲೆಯಲ್ಲಿದ್ದ ಮಕ್ಕಳು, ಶಿಕ್ಷಕರೆಲ್ಲರೂ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಗುಡ್ಡಕ್ಕೆ ಓಡಿ ಜೀವ ಉಳಿಸಿಕೊಂಡರು. ಮುರಿದ ಕಟ್ಟಡವನ್ನು ಇದ್ದಂತೆಯೇ ಉಳಿಸಿ 2021ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

ಮಿನಾಮಿಸಾನ್ರಿಕು: ಉಳಿಸಬೇಕೆ, ಕೆಡವಬೇಕೆ?

ಮಿಯಾಗಿ ಪ್ರಾಂತ್ಯದ ಮಿನಾಮಿಸಾನ್ರಿಕುವಿನಲ್ಲಿ ಕೆಂಪು ಉಕ್ಕಿನ ಅಸ್ಥಿಪಂಜರವೊಂದು ತಗ್ಗಿನಲ್ಲಿ ನಿಂತಿದೆ. ಇದು ಪಟ್ಟಣದ ವಿಪತ್ತು ನಿರ್ವಹಣಾ ಕಚೇರಿಯಾಗಿದ್ದ ಮೂರು ಅಂತಸ್ತಿನ ಕಟ್ಟಡ. ಎತ್ತರದ ಜಾಗಕ್ಕೆ ಓಡಿರೆಂದು ಇಲ್ಲಿನ ಸಿಬ್ಬಂದಿ ಧ್ವನಿವರ್ಧಕದಲ್ಲಿ ಕೊನೆಯವರೆಗೂ ಜನರನ್ನು ಎಚ್ಚರಿಸುತ್ತಿದ್ದರು. ಅಲೆ ಸುಮಾರು 12 ಮೀಟರ್ ಎತ್ತರದ ಈ ಕಟ್ಟಡವನ್ನೇ ಮುಳುಗಿಸಿತು. 43 ಮಂದಿ ಇಲ್ಲಿ ಪ್ರಾಣ ಕಳೆದುಕೊಂಡರು.

ಈ ಕಟ್ಟಡವನ್ನು ಏನು ಮಾಡಬೇಕೆಂಬ ಬಗ್ಗೆ ಊರು ಎರಡಾಯಿತು. ಪ್ರತಿದಿನ ಇದನ್ನು ನೋಡುತ್ತ ಬದುಕುವುದು ಸಾಧ್ಯವಿಲ್ಲ, ಕೆಡವಿಬಿಡಿ ಎಂದರು ಕೆಲವು ಕುಟುಂಬಗಳವರು. ಕೆಡವಿದರೆ ಇಲ್ಲಿ ನಡೆದದ್ದನ್ನು ಮುಂದಿನವರು ನಂಬುವುದಿಲ್ಲ ಎಂದರು ಇನ್ನು ಕೆಲವರು. 2013ರಲ್ಲಿ ಪಟ್ಟಣದ ಆಡಳಿತವು ಕೆಡವುವ ತೀರ್ಮಾನ ಕೈಗೊಂಡಿತು. ಅವಸರ ಬೇಡವೆಂಬ ಕಾರಣಕ್ಕೆ ಪ್ರಾಂತೀಯ ಸರ್ಕಾರವು ದುರಂತದ 20 ವರ್ಷಗಳವರೆಗೆ, ಅಂದರೆ 2031ರವರೆಗೆ, ಕಟ್ಟಡವನ್ನು ತನ್ನ ವಶಕ್ಕೆ ಪಡೆಯಿತು. ಆ ಗಡುವಿಗೆ ಮೊದಲೇ, 2024ರಲ್ಲಿ, ಪಟ್ಟಣವು ಅದನ್ನು ಮರಳಿ ಪಡೆದು ಉಳಿಸಿಕೊಳ್ಳಲು ನಿರ್ಧರಿಸಿತು. ನೋವು ಆರಿತೆಂದು ಇದರ ಅರ್ಥವಲ್ಲ. ನಿರ್ಧಾರಕ್ಕೆ ಬರಲು ಊರಿಗೆ 13 ವರ್ಷ ಹಿಡಿಯಿತು.

ಈಗ ಕಟ್ಟಡದ ಸುತ್ತ 2020ರಲ್ಲಿ ಪೂರ್ಣಗೊಂಡ ಸ್ಮಾರಕ ಉದ್ಯಾನವಿದೆ. ನದಿಯ ಆಚೆ, ಮಣ್ಣು ತುಂಬಿ ಸುಮಾರು 10 ಮೀಟರ್ ಎತ್ತರಿಸಿದ ನೆಲದ ಮೇಲೆ, ಪ್ರಸಿದ್ಧ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸಗೊಳಿಸಿದ ಮರದ ಅಂಗಡಿಸಾಲಿದೆ. 2022ರ ಅಕ್ಟೋಬರ್‌ನಲ್ಲಿ ಇದು ಸ್ಮಾರಕ ಭವನದೊಂದಿಗೆ ಮಿಚಿ ನೊ ಎಕಿಯಾಗಿ ತೆರೆಯಿತು. ಅಂಗಡಿಯ ಮುಂದೆ ನಿಂತರೆ ಕೆಳಗೆ ಆ ಕೆಂಪು ಚೌಕಟ್ಟು ಕಾಣುತ್ತದೆ. ಹಳೆಯ ಊರು ಎಷ್ಟು ತಗ್ಗಿನಲ್ಲಿತ್ತು ಎಂಬುದು ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ರಿಕುಜೆನ್‌ಟಕಾಟ: ಒಂಟಿ ಪೈನ್ ಮರ

ಇವಾಟೆ ಪ್ರಾಂತ್ಯದ ರಿಕುಜೆನ್‌ಟಕಾಟ ನಗರದ ದಡದಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ 70 ಸಾವಿರ ಪೈನ್ ಮರಗಳ ತೋಪು ಇತ್ತು. ಸುನಾಮಿಯ ನಂತರ ನಿಂತಿದ್ದದ್ದು ಒಂದೇ ಮರ. ‘ಪವಾಡದ ಒಂಟಿ ಪೈನ್’ ಎಂದು ಜನ ಅದನ್ನು ಕರೆದರು. ಆದರೆ ಉಪ್ಪುನೀರಿಗೆ ಬೇರು ಕೊಳೆತು 2012ರಲ್ಲಿ ಅದೂ ಸತ್ತಿತು. ಕಾಂಡವನ್ನು ಕತ್ತರಿಸಿ, ಸಂಸ್ಕರಿಸಿ, ಒಳಗೆ ಆಧಾರ ಕೊಟ್ಟು, ಕೃತಕ ಎಲೆಗಳನ್ನು ಜೋಡಿಸಿ 2013ರಲ್ಲಿ ಅದೇ ಜಾಗದಲ್ಲಿ ನಿಲ್ಲಿಸಲಾಯಿತು. ಇದಕ್ಕೆ ತಗುಲಿದ ಸುಮಾರು 15 ಕೋಟಿ ಯೆನ್ ವೆಚ್ಚವನ್ನು ದೇಣಿಗೆಯಿಂದ ಭರಿಸಿದರೂ, ಮನೆಯಿಲ್ಲದವರು ಇರುವಾಗ ಸತ್ತ ಮರಕ್ಕೆ ಇಷ್ಟು ಹಣವೇ ಎಂಬ ಟೀಕೆ ಕೇಳಿಬಂತು.

ಇಲ್ಲಿದ್ದ ಹಳೆಯ ಮಿಚಿ ನೊ ಎಕಿಯೂ ಸುನಾಮಿಗೆ ಬಲಿಯಾಯಿತು. ಅದರ ತ್ರಿಕೋನಾಕಾರದ ಕಟ್ಟಡವನ್ನು ಹಾಗೆಯೇ ಬಿಟ್ಟು, ಅದರ ಮೇಲೆ ನೀರು ಏರಿದ ಮಟ್ಟವನ್ನು ಗುರುತಿಸಿದ್ದಾರೆ. ಅನತಿ ದೂರದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಹೊಸ ನಿಲ್ದಾಣ ತೆರೆಯಿತು. ಅದರ ಒಂದು ಬದಿಯಲ್ಲಿ ಸಿಂಪಿ ಮತ್ತು ಸೇಬು ಮಾರುವ ಮಳಿಗೆಗಳು, ಇನ್ನೊಂದು ಬದಿಯಲ್ಲಿ ಇವಾಟೆ ಸುನಾಮಿ ವಸ್ತುಸಂಗ್ರಹಾಲಯ, ಪ್ರವೇಶ ಉಚಿತ. ಶೌಚಾಲಯಕ್ಕೆಂದು ವಾಹನ ನಿಲ್ಲಿಸಿದವರೂ ಒಳಗೆ ಕಾಲಿಡುವಂತೆ ಅದನ್ನು ರೂಪಿಸಲಾಗಿದೆ. ಕಟ್ಟಡದ ನಡುವಿನಿಂದ ಹೊರಟ ನೇರ ದಾರಿ ಉದ್ಯಾನವನ್ನು ದಾಟಿ 12.5 ಮೀಟರ್ ಎತ್ತರದ ಹೊಸ ತಡೆಗೋಡೆಯ ಮೇಲೇರುತ್ತದೆ. ಅಲ್ಲಿಂದ ಸಮುದ್ರವೂ, ಹೊಸದಾಗಿ ನೆಟ್ಟ 40 ಸಾವಿರ ಪೈನ್ ಸಸಿಗಳೂ ಕಾಣುತ್ತವೆ.

ಕಲ್ಲಿನ ಮಾತು, ಗೋಡೆಯ ಮಾತು

ಇನ್ನೂ ಉತ್ತರಕ್ಕೆ, ಮಿಯಾಕೊ ನಗರದ ವ್ಯಾಪ್ತಿಯಲ್ಲಿ, ಪಕ್ಕಪಕ್ಕ ಇಟ್ಟು ನೋಡಬೇಕಾದ ಎರಡು ತಾಣಗಳಿವೆ. ಮೊದಲನೆಯದು ಅನೆಯೋಶಿ ಎಂಬ ಪುಟ್ಟ ಊರಿನ ದಾರಿಯಲ್ಲಿರುವ ಶಾಸನ ಕಲ್ಲು. 1896 ಮತ್ತು 1933ರ ಸುನಾಮಿಗಳಲ್ಲಿ ಈ ಊರು ಎರಡು ಬಾರಿ ನಾಶವಾಗಿ ಬೆರಳೆಣಿಕೆಯಷ್ಟು ಜನ ಉಳಿದಿದ್ದರು. ಈ ಕಲ್ಲಿನಿಂದ ಕೆಳಗೆ ಮನೆ ಕಟ್ಟಬಾರದು ಎಂದು ಹಿರಿಯರು ಅದರ ಮೇಲೆ ಕೆತ್ತಿಸಿದರು. ಊರಿನವರು ಆ ಮಾತನ್ನು ಪಾಲಿಸಿದರು. 2011ರಲ್ಲಿ ಸುಮಾರು 40 ಮೀಟರ್ ಎತ್ತರಕ್ಕೆ ಏರಿದ ನೀರು ಕಲ್ಲಿನ ಕೆಳಗೇ ನಿಂತಿತು. ಮೇಲಿನ ಮನೆಗಳಿಗೆ ಏನೂ ಆಗಲಿಲ್ಲ.

ಎರಡನೆಯದು ತಾರೊ. ಇಲ್ಲಿನವರು 1933ರ ನಂತರ ಗೋಡೆಯನ್ನು ನಂಬಿದರು. ದಶಕಗಳ ಕಾಲ ಕಟ್ಟಿದ 10 ಮೀಟರ್ ಎತ್ತರದ, ಒಟ್ಟು 2.4 ಕಿಲೋಮೀಟರ್ ಉದ್ದದ ತಡೆಗೋಡೆ ಜಗತ್ತಿನಾದ್ಯಂತ ಹೆಸರಾಗಿತ್ತು. 2011ರ ಅಲೆ ಅದನ್ನು ದಾಟಿ ಬಂತು. ಗೋಡೆ ಇದೆಯೆಂಬ ಧೈರ್ಯದಲ್ಲಿ ಓಡದೆ ಉಳಿದವರೂ ಇದ್ದರು. ಅಲ್ಲಿನ ಆರು ಅಂತಸ್ತಿನ ಹೋಟೆಲಿನ ಕೆಳಗಿನ ಎರಡು ಅಂತಸ್ತುಗಳು ಬರಿಯ ಕಂಬಗಳಾದವು. ಈ ಕಟ್ಟಡವನ್ನು ಸ್ಮಾರಕವಾಗಿ ಉಳಿಸಲಾಗಿದೆ. ಅಂದು ಮೇಲಿನ ಅಂತಸ್ತಿನಿಂದ ಚಿತ್ರೀಕರಿಸಿದ ದೃಶ್ಯವನ್ನು, ಮಾರ್ಗದರ್ಶಕರೊಡನೆ ಬಂದವರಿಗೆ, ಅದೇ ಕೋಣೆಯಲ್ಲಿ ಕೂರಿಸಿ ತೋರಿಸುತ್ತಾರೆ. ಹತ್ತಿರದಲ್ಲೇ ತಾರೊ ಮಿಚಿ ನೊ ಎಕಿ ಇದೆ.

ದುಃಖದ ದಾರಿ ಮಾತ್ರವಲ್ಲ

ಈ ಕರಾವಳಿಯ ಚೆಲುವು ಸುನಾಮಿಗಿಂತ ಹಳೆಯದು. ಮಿಯಾಕೊದ ಜೋಡೊಗಹಾಮ ಕಡಲತೀರದ ಬಿಳಿಯ ಬಂಡೆಗಳನ್ನು ಕಂಡು ಬೌದ್ಧ ಸನ್ಯಾಸಿಯೊಬ್ಬರು ‘ಪುಣ್ಯಲೋಕದ ತೀರ’ ಎಂಬ ಅರ್ಥದ ಈ ಹೆಸರಿಟ್ಟರೆಂದು ಹೇಳುತ್ತಾರೆ. ಕಿತಾಯಮಜಾಕಿಯಲ್ಲಿ ಸುಮಾರು 200 ಮೀಟರ್ ಎತ್ತರದ ಕಡಿದಾದ ಬಂಡೆಗಳು ಸಮುದ್ರಕ್ಕೆ ಇಳಿಯುತ್ತವೆ. 2013ರ ಮೇ ತಿಂಗಳಲ್ಲಿ ಹಳೆಯ ರಾಷ್ಟ್ರೀಯ ಉದ್ಯಾನವನ್ನು ವಿಸ್ತರಿಸಿ ‘ಸಾನ್ರಿಕು ಪುನರುತ್ಥಾನ ರಾಷ್ಟ್ರೀಯ ಉದ್ಯಾನ’ವೆಂದು ಹೆಸರಿಸಲಾಯಿತು. 2019ರಲ್ಲಿ ಹಚಿನೊಹೆಯಿಂದ ಸೋಮದವರೆಗೆ ಸಾವಿರ ಕಿಲೋಮೀಟರಿಗೂ ಉದ್ದದ ಕಾಲುದಾರಿಯೂ ಪೂರ್ತಿಯಾಗಿ ತೆರೆಯಿತು.

ಹೊಸ ಹೆದ್ದಾರಿ, ಹೊಸ ಚಿಂತೆ

2021ರ ಡಿಸೆಂಬರ್‌ನಲ್ಲಿ ಸೆಂಡೈಯಿಂದ ಹಚಿನೊಹೆವರೆಗಿನ 359 ಕಿಲೋಮೀಟರ್ ಸಾನ್ರಿಕು ಕರಾವಳಿ ವೇಗದ ಹೆದ್ದಾರಿ ಪೂರ್ಣಗೊಂಡಿತು. ಬಹುಭಾಗಕ್ಕೆ ಸುಂಕವಿಲ್ಲ. ಇದನ್ನು ‘ಜೀವದ ದಾರಿ’ ಎನ್ನಲು ಕಾರಣವಿದೆ. ಕಮಾಯಿಶಿ ಬಳಿಯ ಒಂದು ಭಾಗ 2011ರ ಸುನಾಮಿಗೆ ಆರು ದಿನ ಮೊದಲಷ್ಟೇ ತೆರೆದಿತ್ತು. ಎತ್ತರದಲ್ಲಿದ್ದ ಆ ರಸ್ತೆಯೇ ಓಡಿಬಂದವರಿಗೆ ಆಸರೆಯಾಯಿತು.

ಆದರೆ ವೇಗದ ರಸ್ತೆ ಊರುಗಳನ್ನು ಮೇಲಿನಿಂದಲೇ ದಾಟಿಸುತ್ತದೆ. ದಡದ ಹಳೆಯ 45ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುತ್ತಿದ್ದವರು ಈಗ ನಿಲ್ಲದೆ ಸಾಗಬಹುದು. ಜನಸಂಖ್ಯೆ ಕುಸಿಯುತ್ತಿರುವ ಪಟ್ಟಣಗಳಿಗೆ ಇದು ಸಣ್ಣ ಸಂಗತಿಯಲ್ಲ. ವಾಹನಗಳನ್ನು ಹೆದ್ದಾರಿಯಿಂದ ಇಳಿಸಿ ಊರಿನೊಳಗೆ ಕರೆತರುವ ಕೆಲಸವೂ ಈಗ ಮಿಚಿ ನೊ ಎಕಿಗಳದ್ದೇ.

ಹೋಗುವವರ ಗಮನಕ್ಕೆ

ಟೋಕಿಯೊದಿಂದ ಸೆಂಡೈಗೆ ಬುಲೆಟ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬಾಡಿಗೆ ಕಾರು ಅನುಕೂಲ. ನಮ್ಮಲ್ಲಿರುವಂತೆ ಜಪಾನಿನಲ್ಲೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ಪಡೆದಿರಬೇಕು. ಕಾರು ಬೇಡವೆನ್ನುವವರಿಗೂ ದಾರಿಯಿದೆ: ಸುನಾಮಿಯಲ್ಲಿ ಹಾಳಾದ ರೈಲು ಮಾರ್ಗದ ಬದಲು ಓಡುವ ಬಸ್ಸುಗಳು ಮಿನಾಮಿಸಾನ್ರಿಕು ಮತ್ತು ರಿಕುಜೆನ್‌ಟಕಾಟವನ್ನು ಮುಟ್ಟುತ್ತವೆ, ತಾರೊ, ಮಿಯಾಕೊಗಳಿಗೆ ಸಾನ್ರಿಕು ರೈಲು ಇದೆ. ನಿಲ್ದಾಣಗಳ ಶೌಚಾಲಯ ಮತ್ತು ನಿಲುಗಡೆ ರಾತ್ರಿಯಿಡೀ ತೆರೆದಿದ್ದರೂ ಅಂಗಡಿಗಳು ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಮುಚ್ಚುತ್ತವೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟುವುದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಅವಧಿ ಸೂಕ್ತ.

ಸ್ಮಾರಕಗಳ ಬಳಿ ಒಂದು ಎಚ್ಚರ ಅಗತ್ಯ. ಇವು ಪ್ರೇಕ್ಷಣೀಯ ಸ್ಥಳಗಳಾಗಿರುವಂತೆಯೇ ಹಲವರ ಪಾಲಿಗೆ ತಮ್ಮವರು ಕೊನೆಯುಸಿರೆಳೆದ ಜಾಗಗಳು. ನಗುತ್ತ ಫೋಟೋ ತೆಗೆಸಿಕೊಳ್ಳುವ ಮೊದಲು ಪಕ್ಕದಲ್ಲಿ ಯಾರಾದರೂ ಕೈಮುಗಿದು ನಿಂತಿದ್ದಾರೆಯೇ ಎಂದು ನೋಡುವುದು ಒಳಿತು.

1896 ಮತ್ತು 1933ರ ನಂತರವೂ ಈ ಕರಾವಳಿಯ ಉದ್ದಕ್ಕೂ ಎಚ್ಚರಿಕೆಯ ಕಲ್ಲುಗಳನ್ನು ನೆಟ್ಟಿದ್ದರು. ಅನೆಯೋಶಿಯಂತಹ ಕೆಲವು ಊರುಗಳನ್ನು ಬಿಟ್ಟರೆ ಬಹಳ ಕಡೆ ಜನ ಅವನ್ನು ಮರೆತು ಮತ್ತೆ ತಗ್ಗಿಗೇ ಇಳಿದರು. 2011ರ ನಂತರ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗುತ್ತಿದ್ದಾರೆ. ಅವರಿಗೆ ಆ ದಿನದ ನೆನಪಿಲ್ಲ. ಊಟಕ್ಕೋ, ತರಕಾರಿಗೋ, ಐಸ್‌ಕ್ರೀಮಿಗೋ ಅವರು ವರ್ಷವಿಡೀ ಬಂದುಹೋಗುವ ಜಾಗದಲ್ಲೇ ಆ ನೆನಪನ್ನೂ ಇಟ್ಟಿರುವುದು ಈ ಬಾರಿ ಊರುಗಳು ಮಾಡಿರುವ ಹೊಸ ಪ್ರಯತ್ನ. ಇದು ಎಷ್ಟರಮಟ್ಟಿಗೆ ಫಲಿಸುವುದೆಂಬುದು ಮುಂದಿನ ಸುನಾಮಿ ಬಂದಾಗ, ಜನ ಎತ್ತ ಓಡುತ್ತಾರೆ ಎಂಬುದರಿಂದ ಮಾತ್ರ ತಿಳಿಯಲಿದೆ.