ಮಧ್ಯಾಹ್ನದ ಮಂಪರು

ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ ಮಧ್ಯಾಹ್ನ ಎರಡು ಗಂಟೆ ಕಳೆಯಿತೆಂದರೆ ಆಸುಪಾಸಿನ ಕಚೇರಿ, ಕಾರ್ಖಾನೆಗಳಲ್ಲಿ ರೆಪ್ಪೆಗಳು ಭಾರವಾಗತೊಡಗುತ್ತವೆ. ಬೆಳಿಗ್ಗೆ ಚುರುಕಾಗಿದ್ದ ಬೆರಳುಗಳು ಕಂಪ್ಯೂಟರಿನ ಮೇಲೆ ತಡವರಿಸುತ್ತವೆ. ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಸೋಮಾರಿಯೆಂಬ ಬಿರುದಿಗೆ ಅಂಜಿ ಆಕಳಿಕೆಯನ್ನು ಅಂಗೈಯಲ್ಲಿ ಮರೆಸುವವರೇ ಹೆಚ್ಚು. ಆದರೆ ಇದು ಸೋಮಾರಿತನವೇ?

ಅಲ್ಲವೆನ್ನುತ್ತದೆ ವಿಜ್ಞಾನ. ನಿದ್ರೆ ಎಚ್ಚರಗಳನ್ನು ಆಳುವ ಗಡಿಯಾರವೊಂದು ನಮ್ಮ ಮಿದುಳಿನಲ್ಲಿದೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಎಚ್ಚರವು ತುಸು ಇಳಿಯುವುದು ಅದರ ಸಹಜ ಕ್ರಮ. ಊಟ ಬಿಟ್ಟವರಿಗೂ ಈ ಜಡತೆ ತಪ್ಪಿದ್ದಲ್ಲ. ಇದರ ಜೊತೆಗೆ, ಎದ್ದ ಗಳಿಗೆಯಿಂದಲೇ ಅಡಿನೋಸಿನ್ ಎಂಬ ವಸ್ತು ಮಿದುಳಿನಲ್ಲಿ ಶೇಖರವಾಗುತ್ತ ನಿದ್ರೆಯನ್ನು ಕರೆಯುತ್ತಿರುತ್ತದೆ. ರಾತ್ರಿ ನಿದ್ದೆಗೆಟ್ಟು, ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಉಂಡವರಿಗಂತೂ ಮಂಪರು ಇನ್ನಷ್ಟು ಗಾಢ.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಉಂಡ ಮೇಲೆ ಕೊಂಚ ವಾಮಕುಕ್ಷಿ ಮಾಡುವುದು ಅವರ ರೂಢಿಯಾಗಿತ್ತು. ಎಡೆಬಿಡದೆ ಐದು ಗಂಟೆಗೆ ಮೀರಿ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿರಾಮವಿರಬೇಕು ಎಂದು 1948ರ ಕಾರ್ಖಾನೆಗಳ ಕಾಯಿದೆ ಕಟ್ಟಳೆ ಮಾಡಿತ್ತು. ಯಂತ್ರದ ಮುಂದೆ ಒಂದು ಕ್ಷಣ ತೂಕಡಿಸಿದರೆ ಬೆರಳನ್ನೇ ತೆರಬೇಕಾದೀತು!

ಅಮೆರಿಕದ ನಾಸಾ ಸಂಸ್ಥೆ ದೂರಯಾನದ ವಿಮಾನಚಾಲಕರಿಗೆ 40 ನಿಮಿಷ ವಿಶ್ರಾಂತಿ ಕೊಟ್ಟು ಪರೀಕ್ಷಿಸಿತು. ಸರಾಸರಿ 26 ನಿಮಿಷ ನಿದ್ರಿಸಿದ ಅವರು, ವಿಶ್ರಮಿಸದವರಿಗಿಂತ ಎಚ್ಚರವಾಗಿದ್ದುದು ಕಂಡುಬಂದಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ವೇಕ್‌ಫಿಟ್ ಕಂಪನಿ, ಎರಡರಿಂದ ಎರಡೂವರೆಯವರೆಗೆ ನೌಕರರು ನಿದ್ರಿಸಬಹುದೆಂದು ಸಾರಿತು. ಅದು ಹಾಸಿಗೆ ಮಾರುವ ಕಂಪನಿ! ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಎಂಬ ಗಾದೆ ಅಕ್ಷರಶಃ ನಿಜವಾಯಿತು.

ಇಂಥ ಭಾಗ್ಯವಿಲ್ಲದವರೂ ಧೃತಿಗೆಡಬೇಕಿಲ್ಲ. ಬುತ್ತಿಯಲ್ಲಿ ಅನ್ನ ತಗ್ಗಿಸಿ ಕೋಸಂಬರಿ, ಪಲ್ಯ, ಮೊಳಕೆಕಾಳು ಹೆಚ್ಚಿಸಬಹುದು. ಉಂಡೊಡನೆ ಕುರ್ಚಿಗೆ ಮರಳದೆ ಹತ್ತು ನಿಮಿಷ ಬಿಸಿಲು ಬೆಳಕಿನಲ್ಲಿ ನಡೆಯುವುದು ಲೇಸು. ಲೆಕ್ಕಪತ್ರದಂಥ ಸೂಕ್ಷ್ಮ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಓಡಾಟದ ಕೆಲಸವನ್ನು ಈ ಹೊತ್ತಿಗೆ ಇರಿಸಿಕೊಳ್ಳಬಹುದು. ಎಡೆ ದೊರೆತರೆ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಬಹುದು. ಅದಕ್ಕೂ ಮೀರಿದರೆ ಗಾಢನಿದ್ರೆಗೆ ಜಾರಿ, ಎದ್ದಾಗ ತಲೆ ಮತ್ತಷ್ಟು ಭಾರ.

ಕಾಫಿಯ ಮಾತೇನು? ಅದು ಅಡಿನೋಸಿನ್ನಿನ ಕರೆ ಮಿದುಳಿಗೆ ಕೇಳಿಸದಂತೆ ತಡೆಯುತ್ತದೆಯೇ ಹೊರತು ದಣಿವನ್ನು ಅಳಿಸದು. ಕುಡಿದು ಐದು ಗಂಟೆ ಕಳೆದರೂ ಅದರ ಸತ್ವ ಸುಮಾರು ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ. ಸಂಜೆಯ ಲೋಟ ರಾತ್ರಿಯ ನಿದ್ದೆಯನ್ನು ಕದ್ದರೆ, ಮರುದಿನದ ಮಂಪರು ಬಡ್ಡಿಯೊಡನೆ ಬರುತ್ತದೆ.

ರಾತ್ರಿ ಏಳೆಂಟು ಗಂಟೆ ನಿದ್ರಿಸಿಯೂ ದಿನವೂ ಕಣ್ಣೆಳೆಯುತ್ತಿದ್ದರೆ, ವಿಶೇಷವಾಗಿ ಜೋರು ಗೊರಕೆಯಿದ್ದರೆ, ವೈದ್ಯರನ್ನು ಕಾಣುವುದೇ ಸರಿ. ಉಳಿದವರಿಗೆ ಮಧ್ಯಾಹ್ನದ ಆಕಳಿಕೆ ಅಪರಾಧವಲ್ಲ. ದೇಹವು ಬೇಡುವ ಕಿರುವಿರಾಮ ಮಾತ್ರ.