ಹೊಸ ಮಾತು, ಹಳೆಯ ಮಧ್ಯವರ್ತಿ

ಪರೀಕ್ಷೆಯ ಫಲಿತಾಂಶ, ಸಿಇಟಿ ಅರ್ಜಿ, ವಿದ್ಯಾರ್ಥಿವೇತನ! ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳಿಗೂ ಇಂದು ಇವೆಲ್ಲ ಅಂತರಜಾಲದಲ್ಲೇ. ಕಾಲೇಜಿನ ಗಣಕಯಂತ್ರದಲ್ಲಿ ಪುಟ ತೆರೆಯದಿದ್ದರೆ ‘ನೆಟ್ ಇಲ್ಲ’ ಎಂದು ಎದ್ದುಬರುವುದು ರೂಢಿ. ಆದರೆ ನೆಟ್ ಇದ್ದೂ ಪುಟ ಬಾರದಿರಲು ಇನ್ನೊಂದು ಕಾರಣವುಂಟು.

ಒಂದೇ ಸಂಪರ್ಕವನ್ನು ಹತ್ತಾರು ಯಂತ್ರಗಳು ಹಂಚಿಕೊಳ್ಳುವ ಕಡೆ ‘ಪ್ರಾಕ್ಸಿ’ ಎಂಬ ಮಧ್ಯವರ್ತಿ ಇರುವುದುಂಟು. ಬ್ರೌಸರಿನ ಕೋರಿಕೆಯನ್ನು ಆಚೆಗೆ ಒಯ್ದು ಉತ್ತರ ತರುವುದು, ಬೇಡದ ತಾಣಗಳನ್ನು ತಡೆಯುವುದು ಅದರ ಕೆಲಸ. ಬ್ರೌಸರ್ ಮತ್ತು ದೂರದ ಸರ್ವರ್ ಮಾತನಾಡುವ ಕಟ್ಟಳೆಯೇ ‘ಪ್ರೋಟೊಕಾಲ್’. ಹೊಸ ಕಟ್ಟಳೆ ಬಂದಾಗ ಎರಡು ತುದಿಗಳೂ ಬೇಗ ಕಲಿಯುತ್ತವೆ. ನಡುವಿನ ಪ್ರಾಕ್ಸಿ ಮಾತ್ರ ವರ್ಷಗಟ್ಟಲೆ ಹಳೆಯದೇ.

ಇದರ ಫಲವನ್ನು 2017ರ ಫೆಬ್ರುವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಶಾಲಾಮಕ್ಕಳು ಉಂಡರು. ಕ್ರೋಮ್ 56ನೇ ಆವೃತ್ತಿ ಟಿಎಲ್‌ಎಸ್ 1.3 ಎಂಬ ಹೊಸ ಗೂಢಲಿಪಿ ಕಟ್ಟಳೆಯನ್ನು ಬಳಸತೊಡಗಿತು. ಅಲ್ಲಿನ ಪ್ರಾಕ್ಸಿ ‘ಹಳೆಯದರಲ್ಲೇ ಮಾತಾಡೋಣ’ ಎನ್ನುವ ಬದಲು ಸಂಪರ್ಕವನ್ನೇ ಕಡಿದುಹಾಕಿತು. ಸಾವಿರಾರು ಲ್ಯಾಪ್‌ಟಾಪ್‌ಗಳು ನಿಂತವು. ಕ್ರೋಮ್ ಹಿಂದೆ ಸರಿಯಬೇಕಾಯಿತು.

ತಜ್ಞರು ನಾನಾ ಜಾಲಗಳಲ್ಲಿ ಪ್ರಯೋಗ ನಡೆಸಿ, ಎಲ್ಲಿ ಎಷ್ಟು ಸಂಪರ್ಕ ಕಡಿಯುತ್ತದೆಂದು ಎಣಿಸಿದರು. ಕೊನೆಗೆ ಕಂಡುಕೊಂಡ ಉಪಾಯ ಸ್ವಾರಸ್ಯಕರ: ಹೊಸ ಕಟ್ಟಳೆಗೆ ಹಳೆಯ ಅಂಗಿ ತೊಡಿಸುವುದು! 2018ರ ಆಗಸ್ಟ್‌ನಲ್ಲಿ ಪ್ರಕಟವಾದ ಟಿಎಲ್‌ಎಸ್ 1.3 ತನ್ನ ಮೊದಲ ಸಂದೇಶದ ಆವೃತ್ತಿಯ ಜಾಗದಲ್ಲಿ 1.2 ಎಂದೇ ಬರೆಯುತ್ತದೆ. ನಿಜವಾದ ಆವೃತ್ತಿ ಬೇರೊಂದು ಕಡೆ ಇರುತ್ತದೆ.

ತೊಗರಿ ಹೇರುವ ಬಂಡಿಗೆ ಕೀಲೆಣ್ಣೆ ಹಾಕದಿದ್ದರೆ ಅಚ್ಚು ಬಿಗಿಯುತ್ತದಲ್ಲವೇ? ಪ್ರೋಟೊಕಾಲ್‌ಗೂ ಹಾಗೇ. 2020ರ ಜನವರಿಯಲ್ಲಿ ಪ್ರಕಟವಾದ ವಿಧಾನದ ಹೆಸರೇ ‘ಗ್ರೀಸ್’. ಬ್ರೌಸರ್ ತನ್ನ ಸಂದೇಶದಲ್ಲಿ ಬೇಕೆಂದೇ ಅರ್ಥವಿಲ್ಲದ ಮೌಲ್ಯಗಳನ್ನು ಬೆರೆಸುತ್ತದೆ. ತಿಳಿಯದ್ದನ್ನು ಬದಿಗಿಡುವ ಯಂತ್ರ ಪಾಸು. ಮುಗ್ಗರಿಸುವ ಯಂತ್ರದ ದೋಷ ಅಂದೇ ಬಯಲು.

ಇಂಥ ಪರೀಕ್ಷೆಯ ಸಣ್ಣ ರೂಪವನ್ನು ವಿದ್ಯಾರ್ಥಿಗಳೂ ಮಾಡಬಹುದು. ಕ್ರೋಮ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ವಿಭಾಗದ ಪಟ್ಟಿಗೆ ‘ಪ್ರೋಟೊಕಾಲ್’ ಕಾಲಂ ಸೇರಿಸಿ. ಒಂದೇ ತಾಣವನ್ನು ಕಾಲೇಜಿನ ಜಾಲದಲ್ಲೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಎರಡು ಮೂರು ಬಾರಿ ತೆರೆಯಿರಿ. ಮೊಬೈಲ್‌ನಲ್ಲಿ ‘ಎಚ್3’, ಅಂದರೆ 2022ರಲ್ಲಿ ಪ್ರಕಟವಾದ ಎಚ್‌ಟಿಟಿಪಿ/3, ಕಂಡು ಕಾಲೇಜಿನಲ್ಲಿ ‘ಎಚ್2’ ಮಾತ್ರ ಕಂಡರೆ ಗಾಬರಿ ಬೇಡ. ಹೊಸದು ದಾಟದಿದ್ದಾಗ ಬ್ರೌಸರ್ ಹಳೆಯದಕ್ಕೆ ಇಳಿದಿದೆ, ಅಷ್ಟೇ. ಮೊಬೈಲ್‌ನಲ್ಲಿ ತೆರೆಯುವ ಪುಟ ಕಾಲೇಜಿನಲ್ಲಿ ತೆರೆಯದೇ ಹೋದರೆ ನಡುವಿನ ಯಂತ್ರದತ್ತ ನೋಡಬೇಕು.

ಪಾಲಕರು ಗಮನಿಸಬೇಕಾದದ್ದು ಒಂದೇ. ಈ ಪರೀಕ್ಷೆ ಅರ್ಜಿಯ ಕೊನೆಯ ದಿನ ಮಾಡುವಂಥದ್ದಲ್ಲ. ವಾರ ಮೊದಲೇ ಮಾಡಿಸಿ.